ಭಾವನಿಗೆ ಜಾಗ ನೋಡಿ ಬಂದದ್ದು

...ಇಲ್ಲ ನಂಜಪ್ಪ ಭಾವ, ಈ ಸಲ ಒಂದೊಂದ್ ಮಾತೂ ನಿಜ! ಸತ್ತೋದ ನಮ್ಮಕ್ಕನಾಣೆ. ನಿನ್ ಎಡ್ತಿ ಮೇಲೆ ಸುಳ್ಳಾಣೆ ಇಡ್ತೀನಾ? ...ಆಯ್ತು, ಓದ್ಸಲ ಇಟ್ಟಿದ್ದೆ. ಅದು ಕುರಿ ವಿಷ್ಯ. ಇದು ನಿನ್ ಪ್ರಾಣದ ವಿಷ್ಯ!

ನಿನ್ ಮಗಳು ಅರ್ಪಿತ ಏನಂದ್ಲು? "ಮಾವ, ಕಿರಂಗೂರ್ ತಾವ ವಯಸ್ಸಾದೋರ್ಗೆ ಅಂತ ಒಸಾ ಮನೆ ಮಾಡವ್ರೆ, ನೀನೋಗಿ ನೋಡ್ಕಂಡ್ ಬಾ. ನೀನು ಊಂ ಅಂದ್ರೆ ಅಪ್ಪ ಓಯ್ತರೆ." ಓದೆ. ನೋಡ್ದೆ. ಭಾವ... ಎದ್ನೋ ಬಿದ್ನೋ ಅಂತ ಓಡ್ ಬಂದೆ.

ಗೇಟಾ ಅದು? ಜೈಲು! ನಾನ್ ಒಳೀಕೆ ಕಾಲಿಟ್ಟೆ, ದಡಾರ್ ಅಂತ ಮುಚ್ಕತು. ಕತ್ಲಾದ್ರೆ ಎಲ್ಲಾರ್ ಬಾಯಿಂದ ಅಲ್ಲಿನ್ ಸೆಟ್ಟೂ ಬಿಚ್ಚುಸ್ಕಂಡು ಒಂದೇ ಬಕೀಟ್ಗೆ ಆಕ್ತಾರಂತೆ! ಬೆಳಿಗ್ಗೆ ಕೈಗ್ ಯಾವ್ದು ಸಿಕ್ತೋ ಅದು. ಪಾಪ, ಕರಿಯಯ್ಯ ಅಂತ ಒಬ್ಬ, ಅದ್ಯಾವ್ದೋ ಎಂಗ್ಸಿನ್ ಅಲ್ಲು ಆಕ್ಕಂಡು ಕೂತವ್ನೆ, ಬಾಯಿ ಮುಚ್ಚಕ್ಕಾಗ್ದೆ... ಯಾಕ್ ನಗ್ತೀಯ? ನಗೋ ವಿಷ್ಯನಾ? ಇತ್ಲಲ್ಲಿ ಮೊಸಳೆ ಅದೆ ಭಾವ! ಒಳೆಯಿಂದ ಎದ್ದು ಬತ್ತದೆ, ವಾಕಿಂಗ್ ಓಗೋರ ಇಂದೇನೇ... ಸರಿ ಬುಡು. ಮೊಸಳೆ ಬ್ಯಾಡ. ಅಲ್ಲು ಮಾತ್ರ ನಿಜ.

ಗೊತ್ತು, ನೀನು ಬಚ್ಚಲಲ್ಲಿ ಬಿದ್ದೆ ಅಂತ ಅರ್ಪಿತಂಗೆ ಭಯ. ಅವಳು ಪಾಂಡವಪುರಕ್ಕೆ ಕೆಲ್ಸಕ್ಕೋದ್ಮೇಲೆ ಮನೇಲಿ ನೀನೊಬ್ನೇ. ನಂಗಿಲ್ವಾ ಭಯ? ಅವತ್ತು ಬಾಗ್ಲು ಒಡ್ದೋನೇ ನಾನು! ನೀನು ಕಣ್ ಬುಡೋಗಂಟ ನನ್ ಎದೆ... ಇರ್ಲಿ. ನಾನೇ ಬಂದು ನಿನ್ ಜಗಲಿ ಮೇಲೆ ಬಿದ್ದಿರ್ತೀನಿ. ನೀನು ನೀರುಯ್ಕಳಕ್ಕೋದ್ರೆ ಬಚ್ಚಲ ಬಾಗ್ಲಲ್ಲೇ ಕೂತಿರ್ತೀನಿ, ಪದ ಏಳ್ಕಂಡು.

ಊಟನಾ? ಅಯ್ಯೋ ಊಟ! ಮುದ್ದೆ ಅಂದ್ರೆ ಏನು ಅಂತಾನೇ ಗೊತ್ತಿಲ್ಲ ಅವ್ರಿಗೆ. ನೀರ್ ನೀರು ಗಂಜಿ. ಅದನ್ನೂ ನಂಗ್ ಕೊಡ್ನಿಲ್ಲ. ಬೆಳಿಗ್ಗೆಯಿಂದ ಒಂದಗುಳು ಕಂಡಿಲ್ಲ ಈ ಒಟ್ಟೆ!

...ಯಾಕೆದ್ದೆ? ಎಲ್ಲೋದೆ? ...ತಟ್ಟೆ ಯಾಕ್ ತಂದೆ ಭಾವ? ಇಷ್ಟ್ ದೊಡ್ ಮುದ್ದೆಯಾ! ಅರ್ಧ ಸಾಕು. ಕಾಲು... ಇಲ್ಲಿಲ್ಲ, ಅಸ್ವದೆ, ಅಸ್ವದೆ! ತಿಂತೀನಿ, ವಸಿ ಆರ್ಲಿ... ಏವ್! ...ಗಾಳಿ ಕನ ಭಾವ. ಖಾಲಿ ಒಟ್ಟೆ ಗಾಳಿ. ...ಅವ್ರೆಕಾಳ್ ವಾಸ್ನೆಯಾ?

ಆಯ್ತು, ಅಲ್ಲೇ ತಿಂದೆ, ಎರಡು ಮುದ್ದೆ. ಬಲವಂತ ಮಾಡುದ್ರು. ಕರಿಯಯ್ಯನೇ ಪಕ್ಕದಲ್ ಕೂತ್ಕಂಡು ಸಾರು ಬುಡುಸ್ದ. "ಮಂಚಣ್ಣ, ನಿಮ್ ಭಾವುನ್ನ ಕಳ್ಸು, ಚೌಕಾಬಾರಕ್ಕೆ ಒಬ್ರು ಕಮ್ಮಿ ಅವ್ರೆ" ಅಂದ. ಅವಾಗ್ಲೇ... ಅವಾಗ್ಲೇ ಕನ ಭಾವ ನಾನ್ ಎದ್ದು ಓಡ್ ಬಂದಿದ್ದು. ನೀನೋದ್ರೆ ಅಲ್ಲೇ ಒಂದ್ಕಂಡ್ಬುಡ್ತೀಯ. ಸಂಜೆಯಾದ್ರೆ ಈ ಕಿಕ್ಕೇರೀಲಿ ಚೌಕಾಬಾರಕ್ಕೆ ನಾನ್ ಯಾರ್ ಮುಂದೆ ಕೂತ್ಕಳ್ಳಿ?

ಯಾಕಂಗ್ ನೋಡ್ತೀಯ? ಅಳ್ತಿಲ್ಲ ಕನ! ನಿನ್ ಸಾರು ಖಾರ, ಅದ್ಕೇ ಕಣ್ಣಲ್ಲಿ...

ಏನು? ಸಾರ್ಗೆ ನಾನಿನ್ನೂ ಬೆರಳೇ ಅದ್ದಿಲ್ವಾ?