ದೇವರ ಗೂಡಿನಲ್ಲಿಟ್ಟ ಕಿವಿ ಮಿಷನ್ನು

ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ರಾಯಕೋಟೆ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಪಕ್ಕದ ಕಲ್ಲುಬೆಂಚಿನ ಮೇಲೆ ಒಬ್ಬ ಅತ್ತೆ, ಒಬ್ಬ ಸೊಸೆ. ಸೊಸೆಯ ತೊಡೆಯ ಮೇಲೆ ಸಣ್ಣ ಹುಡುಗಿ, ಕಿವಿಗೆ ಮಿಷನ್ನು. ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳಿಕೊಡುವ ಸೆಂಟರಿನಿಂದ ಬಂದಿದ್ದರು.

“ಟೀಚರಮ್ಮ ಅಷ್ಟೊತ್ತು ತಮಿಳಲ್ಲಿ ಏನೇ ಬೈದ್ರು?” ಅಂದರು ಅತ್ತೆ.

“ಮಗು ಇನ್ನೂ ಒಂದ್ ಮಾತೂ ಕಲ್ತಿಲ್ಲ, ಮನೇಲಿ ಮಿಷನ್ ಹಾಕ್ತೀರಾ ಇಲ್ವಾ ಅಂತ.”

“ನೀನೇನಂದೆ?”

“ಗುರುವಾರ ಇಲ್ಲಿಗ್ ಬರುವಾಗ ಹಾಕ್ತೀವಿ, ಮಿಕ್ಕಿದ್ ದಿನ ದೇವ್ರ ಗೂಡಲ್ಲಿರ್ತದೆ ಅಂದೆ.”

“ಅದನ್ಯಾಕೇ ಹೇಳೋಕೋದೆ? ಕಳ್ದೋದ್ರೆ ಇನ್ನೊಂದ್ ಯಾರ್ ಕೊಡ್ತಾರೆ? ನಿನ್ ಕಿವಿ ಓಲೇನೂ ಅಲ್ಲೇ ತಾನೆ ಭದ್ರವಾಗಿ ಇಟ್ಟಿರೋದು?”

“ಓಲೆ ಮಾತು ಕಲೀಬೇಕಿಲ್ಲ ಅತ್ತೆ.”

ಸೊಸೆ ಆಕಳಿಸಿ, ಮಾತು ಮುಂದುವರಿಸಿದಳು.

“ಕೋಳಿ ಕೂಗೋದು, ಪಾತ್ರೆ ಬೀಳೋದು, ನೀವು ಬಯ್ಯೋದು, ದಿನಾ ಎಲ್ಲಾ ಕಿವೀಗ್ ಬಿದ್ರೇನೇ ಮಾತು ಬರೋದಂತೆ.”

“ನಾನ್ ಬಯ್ಯೋದ್ ಕಲ್ತು ಏನ್ ಮಾಡ್ತದೆ?”

“ನಿಮ್ಮನ್ನೇ ಬಯ್ತದೆ.”

ಅತ್ತೆಗೆ ನಗು ಬಂತು, ಆದರೆ ನಗುವಷ್ಟು ತ್ರಾಣ ಇದ್ದಂತಿರಲಿಲ್ಲ. ಅಷ್ಟರಲ್ಲಿ ಅವರೂರಿನ ಕಡೆ ಹೋಗುವ ತಳಿ ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಅತ್ತೆ ರೂಢಿಯಂತೆ ಚೀಲದಿಂದ ಮಿಷನ್ನಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು.

“ಧೂಳು ಕಣೇ. ಮಿಷನ್ ಬಿಚ್ಚಿ ಕೊಡು.”

ಸೊಸೆ ಡಬ್ಬಿಯನ್ನೇ ಇಸಕೊಂಡು, ಮುಚ್ಚಿ, ತನ್ನ ಚೀಲಕ್ಕೆ ಹಾಕಿಕೊಂಡಳು.

ಅತ್ತೆ ಒಂದು ಗಳಿಗೆ ಬರಿಗೈ ನೋಡಿಕೊಂಡರು. ಆಮೇಲೆ ತಮ್ಮ ಸೆರಗೆಳೆದು ಧೂಳು ಬೀಳದಂತೆ ಮಗುವಿನ ಕಿವಿ ಮರೆಮಾಡಿದರು.

“ಹಂಗಾದ್ರೆ ಇನ್ಮೇಲೆ ನಾನು ಬಾಯಿ ಬಿಗಿ ಹಿಡೀಬೇಕು ಅನ್ನು.”

“ಬ್ಯಾಡ ಅತ್ತೆ. ಮಾತಾಡ್ತಾನೇ ಇರಿ,” ಅನ್ನುತ್ತಾ ಸೊಸೆ ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿದಳು.