ಎರಡೂ ಗುಂಡಿ ಬಲಗಡೆಗೆ

ನಗ್ತೀಯಾ? ನಗು, ನಗು! ಕಾಲಿಂಗ್ ಬೆಲ್ ಗುಂಡಿ ಕಿತ್ತು ನಿನ್ನ ಪಿಕಪ್ಪಿನ ಸ್ಟೀರಿಂಗಿಗೆ ಹಾಕಿದ್ದೀನಿ, ಹೌದು. ಒಂದು ನಮ್ಮ ಮನೇದು, ಇನ್ನೊಂದು... ಪಕ್ಕದ ಮನೇದು. ಏನೀಗ? ಅವರ ಮನೆಗೆ ಯಾರು ಬರ್ತಾರೆ ಹೇಳು!

ಕೇಳು ಮಗಳೇ. ನಿನ್ನ ಗಾಡಿ ತಾನೇ ಗೇರ್ ಹಾಕ್ಕೊಳ್ಳುತ್ತೆ, ಒಪ್ಪಿದೆ. ಆದ್ರೆ ಜನರೇಟರ್ ಟ್ರೇಲರ್ ಕಟ್ಕೊಂಡು ಘಾಟಿ ಇಳಿಯುವಾಗ? ಮೇಲಿನ ಗೇರಿಗೆ ಹೋಗಿ ರಾಣಿ ಥರ ಕೂತ್ಕೊಳ್ಳುತ್ತೆ. ಇಲ್ಲಿ ಬ್ರೇಕ್ ಒತ್ತಿ ಒತ್ತಿ ಸುಟ್ಟ ವಾಸನೆ! ನಾನೂರು ಕುದುರೆಯ ಇಂಜಿನ್ನು, ಲಗಾಮು ಅದರ ಕೈಗೇ ಕೊಟ್ರೆ ಆಯ್ತಾ?

ಅದಕ್ಕೇ ಇದು. ಮೇಲಿನ ಗುಂಡಿ ಒತ್ತಿದ್ರೆ ಗೇರ್ ಏರುತ್ತೆ, ಕೆಳಗಿಂದು ಒತ್ತಿದ್ರೆ ಇಳಿಯುತ್ತೆ. ಹೂಂ, ನಡುವಿನ ಗೇರ್ ಕಡ್ಡಿ ಪಕ್ಕಕ್ಕೆ ತಳ್ಳಿ ಅದರಲ್ಲೂ ಏರಿಸಿ ಇಳಿಸ್ಬಹುದು, ನಂಗೊತ್ತಿಲ್ವಾ? ಅಲ್ಲಿಂದ್ಲೇ ವೈರ್ ಎಳೆದಿರೋದು! ಆದ್ರೆ ತಿರುವಲ್ಲಿ ಸ್ಟೀರಿಂಗ್ ಬಿಟ್ಟು ಅಲ್ಲಿಗೆ ಕೈ ಹಾಕೋದಾ?

ನಾನು ಲಾರಿ ಓಡಿಸೋವಾಗ ಒಂದ್ಸಲ ಬ್ರೇಕೇ ಹೋಯ್ತು. ಇಪ್ಪತ್ತೆರಡು ತಿರುವು, ಎರಡನೇ ಗೇರಲ್ಲೇ ಇಳಿಸಿದೆ. ಕೈಲಿ ಟೀ ಲೋಟ, ಒಂದು ಹನಿ ಚೆಲ್ಲಲಿಲ್ಲ. ಕೆಳಗೆ ಪೊಲೀಸಪ್ಪ ಸೆಲ್ಯೂಟ್ ಹೊಡೆದ! ...ಹೋದ್ಸಲ ಹದಿನೆಂಟು ತಿರುವು ಅಂದಿದ್ನಾ? ರಸ್ತೆ ಉದ್ದ ಮಾಡಿದ್ದಾರೆ ಬಿಡು.

ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಜನರೇಟರ್ ಒಯ್ಯೋದು ನಾನೇ. ಮಾತು ಕೊಟ್ಟಿದ್ದೀಯ! ಈ ಕೆಲಸಾನೂ ಕಿತ್ಕೊಂಡ್ರೆ ಮನೇಲಿ ಬಟಾಣಿ ಸುಲೀತಾ ಕೂರ್ಬೇಕಷ್ಟೆ. ಏಳುನೂರು ಕುದುರೆ ಪಳಗಿಸೋನು... ಆಗ್ಲೇ ನಾನೂರು ಅಂದ್ನಾ? ಆಗ ಬಾನೆಟ್ ಮುಚ್ಚಿತ್ತಲ್ಲ!

ಯಾಕೆ ಬಗ್ಗಿ ನೋಡ್ತಿದ್ದೀಯ? ಎರಡೂ ಬಲಗಡೆಗೇ ಯಾಕಾ? ಬೇರೆ ಗಾಡೀಲಿ ಆ ಕಡೆ ಒಂದು, ಈ ಕಡೆ ಒಂದು ಇರುತ್ತೆ, ನಿಜ. ನಂಗೆ ವೈರ್ ಸಾಲಲಿಲ್ಲ. ...ಕಾಲ್ ಹತ್ರ ಸುತ್ತಿಟ್ಟಿರೋದಾ? ಅದು... ಅದು ಬೇರೆ ವೈರು.

ಜೇಬಲ್ಲಿ ಏನೂ ಇಲ್ಲ. ಬರೀ ಕೈ. ಚಳಿ ಕಣೇ. ...ಬಿಸಿಲಾದ್ರೇನು, ವಯಸ್ಸಾದೋರಿಗೆ ಬಿಸಿಲಲ್ಲೂ ಚಳಿ!

ಹಾಂ, ಕೀ ಕೊಡು. ಬಲಗೈಗೆ ಕೊಡೇ. ಆ ಕೈಗೆ ಯಾಕೆ ಹಿಡೀತೀಯ? ...ತಗೋತೀನಮ್ಮ, ತಗೋತೀನಿ, ಅದೇನ್ ಹಠ ನಿಂದು...

ಗ್ರೀಸು. ಗ್ರೀಸ್ ಕಣೇ, ಜಾರ್ತು. ಎತ್ಕೊಡು.

ಏನಾದ್ರೂ ಅನ್ನೇ. ಬಯ್ಯಾದ್ರೂ ಬಯ್ಯಿ. ಆಗ್ಲಿಂದ ನಗ್ತಿದ್ಯಲ್ಲ... ಹಾಗೆ ನೋಡ್ಬೇಡ.

...ಎಡಗೈಲಿ ಮೂರು ಬೆರಳಿಗೆ ಸ್ವಾಧೀನ ಇಲ್ಲ. ಐದಲ್ಲ, ಮೂರೇ. ಎರಡು ತಿಂಗಳಾಯ್ತು, ಹಿಡಿತ ನಿಲ್ಲಲ್ಲ. ಇದರಲ್ಲಿ ಒಂದಕ್ಕೆ ಎರಡು ಸೇರಿಸಿಲ್ಲ ಮಗಳೇ.

ಆಯ್ತು. ನೀನೇ ಓಡಿಸು. ಜನರೇಟರ್ ಇಳಿಸಿ ಅಲ್ಲೇ ಡಾಕ್ಟ್ರಿಗೆ ಕೈ ತೋರಿಸೋಣ, ಅದೂ ಆಯ್ತು. ನಾನು ಪಕ್ಕದ ಸೀಟಲ್ಲಿ ಮೂಟೆ ಥರ ಬಿದ್ದಿರ್ತೀನಿ. ತೆಗಿ ಬಾಗಿಲು, ಈಗ್ಲೇ ಕೂತು ಅಭ್ಯಾಸ ಮಾಡ್ಕೋತೀನಿ...

ಅರೆ! ಇಲ್ಲಿ ಕೂತ್ರೆ ಗೇರ್ ಕಡ್ಡಿ ಸರಿಯಾಗಿ ನನ್ನ ಬಲಗೈಗೇ ಬರುತ್ತಲ್ಲೇ!

...ಈಗ್ಯಾಕೆ ನಗ್ತೀಯಾ?