ವಿಭಾಳಿಗೆ ಬರೆದ ಸ್ಕ್ರ್ಯಾಪ್

ಅಧ್ಯಕ್ಷತೆ ವಹಿಸಿರುವ ನಂಜುಂಡಸ್ವಾಮಿಯವರೇ, ಮುಖ್ಯ ಅತಿಥಿಗಳೇ, ನನ್ನನ್ನು ಬೀಳ್ಕೊಡಲು ಸ್ವಲ್ಪ ಆತುರದಿಂದಲೇ ಸೇರಿರುವ ಸಹೋದ್ಯೋಗಿಗಳೇ, ವಿದ್ಯಾರ್ಥಿಗಳೇ, ಸಭಿಕರೇ,

ಮೂವತ್ತಮೂರು ವರ್ಷ ಕನ್ನಡ ಪಾಠ ಮಾಡಿದ ಈ ಅನಂತಪದ್ಮನಾಭನಿಗೆ ನಿವೃತ್ತಿಯ ದಿನ ಕೊಟ್ಟಿರುವ ವಿಷಯ, 'ಅಂತರ್ಜಾಲದಲ್ಲಿ ಸಭ್ಯ ಮಾತು'. ಯಾಕೆ ಕೊಟ್ಟರೆಂಬುದು ಮುಂದಿನ ಸಾಲಿನ ಮೇಷ್ಟ್ರುಗಳಿಗೆಲ್ಲ ಗೊತ್ತು. ಉಳಿದವರಿಗೆ ನಾನೇ ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ, ಅಂದರೆ ಎರಡು ಸಾವಿರದ ಏಳನೇ ಇಸವಿಯಲ್ಲಿ, ಹಳೆಯ ವಿದ್ಯಾರ್ಥಿಗಳು ನನ್ನನ್ನು ಆರ್ಕುಟ್ ಎಂಬ ಸ್ನೇಹಿತರ ಜಾಲತಾಣಕ್ಕೆ ಸೇರಿಸಿದರು. ಮೂರು ವಾರದಲ್ಲಿ ನೂರ ಹನ್ನೆರಡು ಸ್ನೇಹಿತರಾದರು. ಅಲ್ಲಿಯವರೆಗೆ ನನಗೆ ಇಬ್ಬರಿದ್ದರು. ಅವರಲ್ಲೊಬ್ಬರು ತೀರಿಕೊಂಡಿದ್ದರು.

ಆಗ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ಈಮೇಲ್ ಬಂತು. ಅವಳನ್ನು ವಿಭಾ ಎನ್ನೋಣ. ಅದು ಅವಳ ಹೆಸರಲ್ಲ. ಇದನ್ನು ಹೇಳಲು ಅವಳ ಒಪ್ಪಿಗೆಯಿದೆ. ಈ ಸಲ ಮೊದಲೇ ಕೇಳಿದ್ದೇನೆ. ಗಂಡನ ಮನೆ ಬಿಟ್ಟು ಬಂದಿದ್ದೇನೆ, ಇಲವಾಲದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿದೆ, ತಮ್ಮ ಕಣ್ಣಿನ ಆಪರೇಷನ್ ಆದದ್ದರಿಂದ ನೋಡಿಕೊಳ್ಳಲು ಬಂದಿದ್ದೇನೆಂದೇ ಅಮ್ಮ ತಿಳಿದಿದ್ದಾರೆ, ಕಣ್ಣು ವಾಸಿಯಾದ ಮೇಲೆ ಹೇಳುತ್ತೇನೆ, ನಿಮಗೊಬ್ಬರಿಗೇ ತಿಳಿಸಿದ್ದೇನೆ ಸರ್ ಎಂದು ಬರೆದಿದ್ದಳು.

ಉತ್ತರಿಸದೆ ಇರಲಾದೀತೇ? ಆ ಮನೆ ಬಿಟ್ಟದ್ದೇ ಸರಿ, ಧೈರ್ಯವಾಗಿರು, ಅಮ್ಮನಿಗೆ ನಿಧಾನವಾಗಿ ಹೇಳು ಎಂದು ಬರೆದೆ. ಎಲ್ಲಿ ಬರೆದೆ? ಅವಳ ಆರ್ಕುಟ್ ಸ್ಕ್ರ್ಯಾಪ್ ಪುಸ್ತಕದಲ್ಲಿ. ಅಲ್ಲಿ ಬರೆದದ್ದು ಅವಳಿಗೊಬ್ಬಳಿಗೇ ಕಾಣುತ್ತದೆಂದು ತಿಳಿದಿದ್ದೆ. ಎಲ್ಲರಿಗೂ ಕಾಣುತ್ತಿತ್ತು. ಒಂದೂ ಕಾಗುಣಿತದ ತಪ್ಪಿರಲಿಲ್ಲ.

ಮಾರನೆಯ ದಿನ ಅವಳ ಫೋನ್. "ಅದನ್ನ ಅಳಿಸ್ಬಿಟ್ಟೆ ಸರ್. ಆದ್ರೆ ಪಕ್ಕದ್ಮನೆ ಹುಡುಗಿ ಓದಿ ಅಮ್ಮಂಗೆ ಹೇಳ್ಬಿಟ್ಟಿದಾಳೆ." ಅಷ್ಟು ಹೇಳಿ ಇಟ್ಟಳು.

ಆರು ಮೂಸಂಬಿ ಕೊಂಡು ವಿಜಯನಗರದ ಅವರ ಮನೆಗೆ ಹೋದೆ. ಕ್ಷಮೆ ಕೇಳಲು ಹೋಗುವವರು ಏನು ಒಯ್ಯಬೇಕೆಂದು ನನಗೆ ಗೊತ್ತಿರಲಿಲ್ಲ. ಒಂದು ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡಿದ್ದ ತಾಯಿ ಬಾಗಿಲು ತೆಗೆದರು.

"ಬನ್ನಿ ಮೇಷ್ಟ್ರೇ. ಬೈಯೋಕೆ ನಂಗೆ ಬರಲ್ಲ. ಎಂಟು ದಿನದಿಂದ ಪಕ್ಕದಲ್ಲೇ ಕೂತು ಕಣ್ಣಿಗೆ ಡ್ರಾಪ್ಸ್ ಹಾಕ್ತಿದ್ಲು, ಅವಳ ಮುಖ ನಾನು ಸರಿಯಾಗಿ ನೋಡ್ಲಿಲ್ಲ. ನಿಮ್ಹತ್ರ ಹೇಳ್ಕೊಂಡ್ಲು. ಹೇಳಿಸ್ಕೊಂಡೋರು ಸುಮ್ನಿರ್ಬೇಕಿತ್ತು ಕಣ್ರೀ."

ತಪ್ಪಾಯಿತು ಎಂದೆ. ಕಾಫಿ ಕೊಟ್ಟರು. ವಿಭಾ ಕೋಣೆಯಿಂದ ಹೊರಗೆ ಬರಲಿಲ್ಲ.

ಈಗ ತಾಯಿಯ ಜೊತೆಗಿದ್ದುಕೊಂಡೇ ಇಲವಾಲಕ್ಕೆ ಹೋಗಿಬರುತ್ತಾಳೆ. "ಒಳ್ಳೇದೇ ಆಯ್ತಲ್ಲ ಸಾರ್, ಬುಡಿ" ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಕೆಲವರು ಸಮಾಧಾನ ಹೇಳಿದರು. ನನಗೂ ಆ ಮಾತು ಹಿತವಾಗಿತ್ತು. ಕಳೆದ ವಾರ ಒಪ್ಪಿಗೆ ಕೇಳಲು ಹೋದಾಗ ಅವಳಿಗೂ ಅದನ್ನೇ ಹೇಳಿದೆ.

"ಹೇಗ್ ಹೇಳೋದು ಅಂತ ದಿನಾ ಬಚ್ಚಲಲ್ಲಿ ನಿಂತು ಒಬ್ಳೇ ಹೇಳಿ ನೋಡ್ಕೋತಿದ್ದೆ ಸರ್. ಅದು ಅಮ್ಮಂಗೆ ನಾನೇ ಹೇಳ್ಬೇಕಾಗಿದ್ದ ಮಾತು. ಇನ್ನು ಹೇಳಕ್ಕಾಗಲ್ವಲ್ಲ" ಎಂದಳು.

ಮಕ್ಕಳೇ, ಕೊನೆಯಲ್ಲಿ ನಿಮಗೊಂದು ಉಪದೇಶ ಕೊಡಬೇಕೆಂದು ಹೇಳಿದ್ದರು. ಅವಳ ಆ ಮಾತನ್ನೇ ಕೊಟ್ಟು ಮುಗಿಸುತ್ತೇನೆ.

ಶಾಲು ಹೊದಿಸಿದವರಿಗೆ, ಇಷ್ಟು ಹೊತ್ತು ಸುಮ್ಮನೆ ಕೂತು ಕೇಳಿದ ನಿಮಗೆ ನಾನು ಋಣಿ. ನಮಸ್ಕಾರ.